ಓದುಗರ ಪ್ರಶ್ನೆ: ಸ್ಕೇಟ್‌ಬೋರ್ಡಿಗೆ ಮೋಟಾರು ಕೂರಿಸುವುದು

ಪ್ರಶ್ನೆ: ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಮೂರನೆಯ ವರ್ಷ ಓದುತ್ತಿದ್ದೇನೆ. ಹಳೆಯ ಲಾಂಗ್‌ಬೋರ್ಡ್ ಒಂದಕ್ಕೆ ಮೋಟಾರು ಅಳವಡಿಸಿ ವಿದ್ಯುತ್ ಸ್ಕೇಟ್‌ಬೋರ್ಡ್ ಮಾಡುತ್ತಿದ್ದೇನೆ. ಚಕ್ರಗಳು 83 ಮಿ.ಮೀ., ಮೋಟಾರು 6374 ಅಳತೆಯ (63 ಮಿ.ಮೀ. ವ್ಯಾಸ, 74 ಮಿ.ಮೀ. ಉದ್ದ) 190 ಕೆವಿ (ಪ್ರತಿ ವೋಲ್ಟಿಗೆ ನಿಮಿಷಕ್ಕೆ 190 ಸುತ್ತು), ಬ್ಯಾಟರಿ 36 ವೋಲ್ಟ್, ಪುಲ್ಲಿಗಳು 15 ಮತ್ತು 36 ಹಲ್ಲಿನವು. ಮನೆಯ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ 3 ಮಿ.ಮೀ. ದಪ್ಪದ ಕಬ್ಬಿಣದ ಆ್ಯಂಗಲ್ ಕತ್ತರಿಸಿ ಮೋಟಾರು ಹಿಡಿಯುವ ಬ್ರಾಕೆಟ್ ಮಾಡಿಸಿಕೊಂಡು, ಎರಡು ಯು-ಬೋಲ್ಟುಗಳಿಂದ ಹಿಂದಿನ ಟ್ರಕ್ಕಿಗೆ (ಹಲಗೆಯಡಿ ಚಕ್ರಗಳನ್ನು ಹೊತ್ತ ಲೋಹದ ಭಾಗ) ಬಿಗಿಸಿದ್ದೇನೆ. ಹೊರಡುವಾಗ ಮೋಟಾರು ವಾಲುತ್ತದೆ. ಬ್ರೇಕ್ ಹಾಕಿದರೆ ಬೆಲ್ಟ್ ಕಟಕಟನೆ ಹಲ್ಲು ಹಾರುತ್ತದೆ. ಎಷ್ಟು ಬಿಗಿಸಿದರೂ ಎರಡು ದಿನಕ್ಕೆ ಮತ್ತೆ ಅದೇ ಪಾಡು. ಟ್ರಕ್ಕಿಗೇ ವೆಲ್ಡ್ ಮಾಡಿಬಿಡೋಣ ಎಂದು ಅಂಗಡಿಯವರೂ, ತ್ರೀಡಿ ಪ್ರಿಂಟ್ ಮಾಡಿಸು ಎಂದು ಗೆಳೆಯರೂ ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ಅದಕ್ಕೆ ಕಾರಣ ಹೇಳುವ ಮೊದಲು, ನಿಮ್ಮ ಬ್ರಾಕೆಟ್ ಯಾವ ಭಾರಕ್ಕೆ ಸೋಲುತ್ತಿದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಏಕೆಂದರೆ ಈ ಕೆಲಸಕ್ಕೆ ಕೈಹಾಕುವವರಲ್ಲಿ ಹೆಚ್ಚಿನವರು ಮೋಟಾರಿನ ತೂಕವನ್ನು ಹೊರುವುದೇ ಬ್ರಾಕೆಟ್ಟಿನ ಕೆಲಸವೆಂದು ಭಾವಿಸಿ, ಅಷ್ಟಕ್ಕೆ ಸಾಕಾಗುವಂತೆ ಮಾತ್ರ ಅದನ್ನು ಮಾಡಿಸಿರುತ್ತಾರೆ.

190 ಕೆವಿ ಮೋಟಾರು ಪ್ರತಿ ಆಂಪಿಯರ್ ಕರೆಂಟಿಗೆ ಸುಮಾರು 0.05 ನ್ಯೂಟನ್ ಮೀಟರಿನಷ್ಟು ತಿರುಚುಬಲ ಕೊಡುತ್ತದೆ. ಹೊರಡುವಾಗ ಕಂಟ್ರೋಲರ್ 60 ಆಂಪಿಯರ್ ಹರಿಸಿತೆಂದರೆ ಮೋಟಾರಿನ ಶಾಫ್ಟಿನಲ್ಲಿ 3 ನ್ಯೂಟನ್ ಮೀಟರ್ ಆಗುತ್ತದೆ. ನಿಮ್ಮ ಪುಲ್ಲಿಗಳು ಅದನ್ನು 2.4 ಪಟ್ಟು ಹೆಚ್ಚಿಸುವುದರಿಂದ ಚಕ್ರಕ್ಕೆ ತಲುಪುವುದು ಸುಮಾರು 7.2 ನ್ಯೂಟನ್ ಮೀಟರ್. ಚಕ್ರವನ್ನು ಇಷ್ಟು ಬಲದಿಂದ ಮುಂದಕ್ಕೆ ತಿರುಗಿಸುವಾಗ ಅಷ್ಟೇ ಬಲ ಬ್ರಾಕೆಟ್ಟನ್ನು ಆಕ್ಸಲಿನ ಸುತ್ತ ಹಿಂದಕ್ಕೆ ತಿರುಚುತ್ತದೆ. ಆಕ್ಸಲಿನಿಂದ 66 ಮಿ.ಮೀ. ದೂರದಲ್ಲಿ ಕುಳಿತಿರುವ ನಿಮ್ಮ ಮೋಟಾರಿನ ಜಾಗದಲ್ಲಿ ಇದು ಹೆಚ್ಚುಕಡಿಮೆ 11 ಕೆ.ಜಿ. ತೂಗುಹಾಕಿದ್ದಕ್ಕೆ ಸಮ. ಮೋಟಾರಿನ ಸ್ವಂತ ತೂಕವಾದರೋ ಒಂದು ಕೆ.ಜಿ.ಯೂ ಇಲ್ಲ. ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರಿನಂತೆ ಕೆಲಸ ಮಾಡುವುದರಿಂದ ಇದೇ ಬಲ ದಿಕ್ಕು ಬದಲಿಸಿ ಎರಗುತ್ತದೆ. ಹೀಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎಳೆದಾಡುವ ಬಲವೇ ಯು-ಬೋಲ್ಟುಗಳನ್ನು ಸಡಿಲಿಸುತ್ತಿರುವುದು. ಬೋಲ್ಟು ಬಿಗಿಸುವುದರಲ್ಲಿ ನೀವು ಕಡಿಮೆ ಮಾಡಿಲ್ಲ. ಯು-ಬೋಲ್ಟು ದುಂಡನೆಯ ಕೊಳವೆಯನ್ನು ಒತ್ತಿ ಹಿಡಿಯಲು ಇರುವ ಸಾಮಾನು, ಹ್ಯಾಂಗರಿನ ಮೇಲೆ ಅದು ಒಂದೆರಡು ಗೆರೆಗಳಲ್ಲಷ್ಟೇ ತಾಗುತ್ತದೆ. ಟ್ರಕ್ಕಿನಲ್ಲಿ ಆಕ್ಸಲನ್ನು ಹೊತ್ತ ಅಡ್ಡತೋಳಿಗೆ ಹ್ಯಾಂಗರ್ ಎಂದು ಹೆಸರು. ಅದರ ಮೈ ಪೂರ್ತಿ ದುಂಡಗಿರುವುದು ಅಪರೂಪ.

ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದರೊಳಗೊಂದು ಬೆರೆತಿವೆ, ಅವನ್ನು ಬಿಡಿಸಿ ನೋಡಬೇಕು. ಮೋಟಾರು ಆಕ್ಸಲಿನ ಸುತ್ತ ಜಾರಿ ತಿರುಗಿದ ಮಾತ್ರಕ್ಕೆ ಬೆಲ್ಟ್ ಸಡಿಲವಾಗುವುದಿಲ್ಲ, ಏಕೆಂದರೆ ಎರಡು ಪುಲ್ಲಿಗಳ ನಡುವಿನ ದೂರ ಆಗಲೂ ಅಷ್ಟೇ ಇರುತ್ತದೆ. ಮೋಟಾರು ನೆಲಕ್ಕೋ ಹಲಗೆಗೋ ತಾಗುವ ಅಪಾಯ ಮಾತ್ರ ಇರುತ್ತದೆ. ಬೆಲ್ಟ್ ಹಲ್ಲು ಹಾರುವುದಕ್ಕೆ ಬೇರೆ ಕಾರಣವಿದೆ. ಮೋಟಾರನ್ನು ಒಂದೇ ಮುಖದಿಂದ ಹಿಡಿದಿರುವ 3 ಮಿ.ಮೀ. ತಗಡು ಎಳೆತಕ್ಕೆ ಬಾಗುತ್ತದೆ, ಶಾಫ್ಟ್ ಚಕ್ರದ ಕಡೆಗೆ ಓರೆಯಾಗುತ್ತದೆ, ನಡುವಿನ ದೂರ ಕುಗ್ಗುತ್ತದೆ, ಆಗ ಬೆಲ್ಟ್ ಪುಲ್ಲಿಯ ಹಲ್ಲಿನಿಂದ ಮೇಲೆದ್ದು ಜಿಗಿಯುತ್ತದೆ. ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿದರೆ ತಗಡು ಇನ್ನಷ್ಟು ಬಾಗುತ್ತದೆಯೇ ಹೊರತು ಬೇರೇನೂ ಆಗದು. ಹಾಗಾಗಿ ಹ್ಯಾಂಗರಿನ ಮೇಲಿನ ಹಿಡಿತ ಬೇರೆ, ತಗಡಿನ ಗಡಸುತನ, ಅಂದರೆ ಬಾಗದೆ ನಿಲ್ಲುವ ಗುಣ, ಬೇರೆ. ಎರಡಕ್ಕೂ ಬೇರೆಬೇರೆ ಮದ್ದು ಬೇಕು.

ವೆಲ್ಡಿಂಗ್ ವಿಚಾರ ಹೀಗಿದೆ. ಟ್ರಕ್ಕಿನ ಹ್ಯಾಂಗರ್ ಸಾಮಾನ್ಯವಾಗಿ ಎರಕದ ಅಲ್ಯೂಮಿನಿಯಂ ಮಿಶ್ರಲೋಹದ್ದು, ಅದರೊಳಗೆ ಉಕ್ಕಿನ ಆಕ್ಸಲ್ ಇರುತ್ತದೆ. ಕಬ್ಬಿಣದ ತಗಡನ್ನು ಅಲ್ಯೂಮಿನಿಯಂಗೆ ಗೇಟು, ಗ್ರಿಲ್ ಬೆಸೆಯುವ ಯಂತ್ರದಿಂದ ಬೆಸೆಯಲು ಬರುವುದಿಲ್ಲ. ಅಂಟಿಕೊಂಡಂತೆ ಕಂಡರೂ ಮೊದಲ ಹಂಪಿನಲ್ಲಿ ಕಳಚುತ್ತದೆ. ಅಲ್ಯೂಮಿನಿಯಂ ಬ್ರಾಕೆಟ್ಟನ್ನೇ ಮಾಡಿಸಿ ಆರ್ಗಾನ್ ಅನಿಲದ ಟಿಗ್ ಯಂತ್ರದಲ್ಲಿ ಬೆಸೆಯಬಹುದು, ನುರಿತವರು ಮಾಡುತ್ತಾರೆ ಕೂಡ. ಆದರೆ ಆ ಬಿಸಿಗೆ ಬೆಸುಗೆಯ ಅಕ್ಕಪಕ್ಕದ ಲೋಹ ತನ್ನ ಬಲವನ್ನು ಸಾಕಷ್ಟು ಕಳೆದುಕೊಳ್ಳುತ್ತದೆ, ಮತ್ತು ಅದೇ ಜಾಗವೇ ನಿಮ್ಮನ್ನು ಹೊತ್ತಿರುವ ಹ್ಯಾಂಗರ್. ಮುಂದೆ ಮೋಟಾರಿನ ಕೋನವನ್ನು ಬದಲಿಸಬೇಕೆನಿಸಿದರೂ ದಾರಿಯಿಲ್ಲ. ಇನ್ನು ತ್ರೀಡಿ ಪ್ರಿಂಟ್: ಎಲ್ಲರೂ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ಕು ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿಗೆ ಮೆತ್ತಗಾಗತೊಡಗುತ್ತದೆ. ಏರುದಾರಿಯಲ್ಲಿ ದುಡಿದ ಮೋಟಾರಿನ ಮೈ ಅದಕ್ಕಿಂತ ಬಿಸಿಯಾಗುವುದು ಸಹಜ. ಅಳತೆ ಸರಿಯಿದೆಯೇ ಎಂದು ನೋಡಲು ಮಾದರಿಯಾಗಿ ಒಂದನ್ನು ಪ್ರಿಂಟ್ ಮಾಡಿಸಿಕೊಳ್ಳಿ, ಅದು ಬಹಳ ಉಪಯುಕ್ತ. ಅದರ ಮೇಲೆ ಓಡಿಸಬೇಡಿ.

ನಿಮಗೆ ಬೇಕಾಗಿರುವುದು 8 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟು, ಸಾಧ್ಯವಾದರೆ 6061-ಟಿ6 ದರ್ಜೆಯದು. ತಗಡಿನ ಗಡಸುತನ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಅಲ್ಯೂಮಿನಿಯಂ ತಾನಾಗಿ ಕಬ್ಬಿಣದ ಮೂರನೆಯ ಒಂದು ಪಾಲಿನಷ್ಟೇ ಗಡಸಾದರೂ, 8 ಮಿ.ಮೀ. ಅಲ್ಯೂಮಿನಿಯಂ ಪ್ಲೇಟು ನಿಮ್ಮ 3 ಮಿ.ಮೀ. ಕಬ್ಬಿಣಕ್ಕಿಂತ ಸುಮಾರು ಆರು ಪಟ್ಟು ಕಡಿಮೆ ಬಾಗುತ್ತದೆ. ತೂಕವೂ ತುಸು ಕಡಿಮೆಯೇ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ಬನ್ನಿಮಂಟಪದ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಿದರೆ ಇಂಥ ಸಣ್ಣ ಕೆಲಸ ಮಾಡಿಕೊಡುವ ಮಿಲ್ಲಿಂಗ್, ಲೇಥ್ ಅಂಗಡಿಯವರು ಸಿಗುತ್ತಾರೆ. ನಿಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಯಂತ್ರವಿದ್ದರೆ ಅಲ್ಲಿನ ಬೋಧಕರನ್ನು ಕೇಳುವುದು ಇನ್ನೂ ಒಳ್ಳೆಯದು.

ಹ್ಯಾಂಗರನ್ನು ಹಿಡಿಯುವ ಭಾಗ ಎರಡು ಹೋಳಿನ ಕ್ಲಾಂಪ್ ಆಗಿರಲಿ. ಹ್ಯಾಂಗರಿನ ಆಕಾರವನ್ನು ಪಡೆಯಲು ಸುಲಭದ ದಾರಿಯೊಂದಿದೆ: ಬ್ರಾಕೆಟ್ ಕೂರಬೇಕಾದ ಜಾಗಕ್ಕೆ ತೆಳುವಾಗಿ ಗ್ರೀಸ್ ಸವರಿ, ಎಂ-ಸೀಲನ್ನು ಚೆನ್ನಾಗಿ ನಾದಿ ಸುತ್ತ ಅರ್ಧಕ್ಕೆ ಒತ್ತಿ, ಗಟ್ಟಿಯಾದ ಮೇಲೆ ತೆಗೆದರೆ ಅದರ ಒಳಮೈಯಲ್ಲಿ ಹ್ಯಾಂಗರಿನ ಪಡಿಯಚ್ಚು ಸಿಗುತ್ತದೆ. ಅದನ್ನು ಅಂಗಡಿಗೆ ಒಯ್ದು ತೋರಿಸಿದರೆ ಚಿತ್ರ ಬರೆದು ವಿವರಿಸುವ ಶ್ರಮ ತಪ್ಪುತ್ತದೆ. ಎರಡು ಹೋಳುಗಳನ್ನು ಬಿಗಿಸಿದ ಮೇಲೂ ಅವುಗಳ ನಡುವೆ ಒಂದು ಒಂದೂವರೆ ಮಿ.ಮೀ. ಸಂದು ಕಾಣುತ್ತಿರಬೇಕು; ಹೋಳುಗಳು ಒಂದಕ್ಕೊಂದು ತಾಗಿಬಿಟ್ಟರೆ ಬೋಲ್ಟಿನ ಬಲವೆಲ್ಲ ಅವುಗಳನ್ನೇ ಒತ್ತುತ್ತದೆ, ಹ್ಯಾಂಗರನ್ನಲ್ಲ. ಕ್ಲಾಂಪಿನ ಅಗಲ ಹ್ಯಾಂಗರಿನ ಉದ್ದಕ್ಕೆ 20 ಮಿ.ಮೀ.ಗಿಂತ ಕಡಿಮೆಯಾಗದಿರಲಿ. ಬೋಲ್ಟುಗಳು ಎಂ6 (6 ಮಿ.ಮೀ. ವ್ಯಾಸ) ಇರಲಿ, ನಟ್ಟುಗಳು ನೈಲಾಕ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವವು) ಆಗಿರಲಿ. ಹ್ಯಾಂಗರಿನ ಮೈ ದುಂಡಗಿದ್ದರೆ ಒಂದು ಪಕ್ಕವನ್ನು ಅರದಿಂದ ಉಜ್ಜಿ ಸಣ್ಣದೊಂದು ಸಪಾಟು ಮಾಡಿಕೊಳ್ಳಿ, ಕ್ಲಾಂಪಿನಿಂದ ಬರುವ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಆ ಸಪಾಟಿನ ಮೇಲೆ ಕೂರಲಿ. ಜಾರದಂತೆ ತಡೆಯುವುದು ಈ ಸಪಾಟು. ಕ್ಲಾಂಪಿನ ಕೆಳಗೆ ರಬ್ಬರು, ಟೇಪು, ಎಂ-ಸೀಲ್ ಯಾವುದನ್ನೂ ಇಟ್ಟು ಬಿಗಿಸಬೇಡಿ. ಅವು ಕುಗ್ಗಿದಷ್ಟೂ ಹಿಡಿತ ಹೋಗುತ್ತದೆ.

ಈಗ ಹೇಳುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಎರಕದ ಹ್ಯಾಂಗರ್ ನಡುವಿನಿಂದ ತುದಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಸಣ್ಣಗಾಗುತ್ತ ಹೋಗಿರುತ್ತದೆ. ಅದರ ಮೈಗೆ ಒತ್ತಿ ಕೂರಿಸಿದ ಪ್ಲೇಟು ನೆಟ್ಟಗಿರುವಂತೆ ಕಂಡರೂ ಆಕ್ಸಲಿಗೆ ಲಂಬವಾಗಿರುವುದಿಲ್ಲ. ಆಗ ಮೋಟಾರಿನ ಶಾಫ್ಟೂ ಆಕ್ಸಲೂ ಸಮಾನಾಂತರವಾಗಿರದೆ ಬೆಲ್ಟ್ ಒಂದು ಬದಿಗೆ ಸರಿದು ಪುಲ್ಲಿಯ ಅಂಚಿಗೆ ಉಜ್ಜುತ್ತದೆ. ಆದ್ದರಿಂದ ಅಳತೆಯನ್ನು ಯಾವಾಗಲೂ ಆಕ್ಸಲಿನಿಂದ ಹಿಡಿಯಬೇಕು, ಹ್ಯಾಂಗರಿನ ಮೈಯಿಂದ ಅಲ್ಲ. ಚಕ್ರವನ್ನು ಬಿಚ್ಚಿ, ಬಡಗಿಗಳ ಬಳಿ ಇರುವ ಮೂಲೆಮಟ್ಟದ ಒಂದು ಅಂಚನ್ನು ಬರಿಯ ಆಕ್ಸಲಿಗೆ ತಾಗಿಸಿ, ಇನ್ನೊಂದು ಅಂಚು ಪ್ಲೇಟಿನ ಮುಖಕ್ಕೆ ಉದ್ದಕ್ಕೂ ಕೂರುತ್ತದೆಯೇ ನೋಡಿ; ನಡುವೆ ಬೆಳಕು ಕಂಡರೆ ಕ್ಲಾಂಪಿನ ಒಳಮೈಯನ್ನು ಅರದಿಂದ ಸ್ವಲ್ಪ ಸ್ವಲ್ಪ ತೆಗೆಯುತ್ತ ಮತ್ತೆ ಕೂರಿಸಿ ನೋಡಿ. ತಾಳ್ಮೆಯ ಕೆಲಸ ನಿಜ, ಆದರೆ ಇಲ್ಲಿ ಕಳೆದ ಒಂದು ಸಂಜೆ ಮುಂದೆ ಹಲವು ಬೆಲ್ಟುಗಳನ್ನು ಉಳಿಸುತ್ತದೆ.

ಮೋಟಾರು ಕೂರುವ ತೂತುಗಳು ದುಂಡಗಿರದೆ ಉದ್ದನೆಯ ಸೀಳುಗಳಾಗಿರಬೇಕು. ನಿಮ್ಮ ಜಿಲ್ಲೆಯ ಯಾವುದೇ ಆಲೆಮನೆಗೆ ಹೋಗಿ ಗಾಣ ತಿರುಗಿಸುವ ಮೋಟಾರಿನ ಬುಡವನ್ನು ನೋಡಿದರೆ, ಬೆಲ್ಟ್ ಸಡಿಲವಾದಾಗ ಮೋಟಾರನ್ನು ಹಿಂದಕ್ಕೆ ಸರಿಸಿ ಬಿಗಿಸಲು ಬೋಲ್ಟಿನ ತೂತುಗಳನ್ನು ಹೇಗೆ ಉದ್ದಕ್ಕೆ ಬಿಟ್ಟಿರುತ್ತಾರೆಂದು ತಿಳಿಯುತ್ತದೆ. ನಿಮಗೂ ಅದೇ ಏರ್ಪಾಡು ಸಾಕು, ಬೇರೆ ಟೆನ್ಷನರ್ ಬೇಕಿಲ್ಲ. 5 ಮಿ.ಮೀ. ಅಂತರದ ಹಲ್ಲುಗಳಿರುವ ಎಚ್‌ಟಿಡಿ ಬೆಲ್ಟುಗಳಲ್ಲಿ 265 ಮಿ.ಮೀ. ಉದ್ದದ್ದನ್ನು ತೆಗೆದುಕೊಂಡರೆ, 15 ಮತ್ತು 36 ಹಲ್ಲಿನ ಪುಲ್ಲಿಗಳ ಕೇಂದ್ರಗಳ ನಡುವೆ ಸುಮಾರು 66.6 ಮಿ.ಮೀ. ದೂರ ಬೇಕಾಗುತ್ತದೆ, 255 ಮಿ.ಮೀ. ಬೆಲ್ಟಿಗೆ ಸುಮಾರು 61.5 ಮಿ.ಮೀ. ಸೀಳುಗಳು 60ರಿಂದ 70 ಮಿ.ಮೀ.ವರೆಗೆ ಸರಿಯಲು ಬಿಟ್ಟರೆ ಎರಡೂ ಹೊಂದುತ್ತವೆ. ನನ್ನ ಸಲಹೆ 265ರದು, ಅಗಲ 15 ಮಿ.ಮೀ. ಅದರಲ್ಲಿ ಸಣ್ಣ ಪುಲ್ಲಿಯ ಆರು ಹಲ್ಲುಗಳು ಬೆಲ್ಟಿಗೆ ಕಚ್ಚಿಕೊಂಡಿರುತ್ತವೆ, ಆರಕ್ಕಿಂತ ಕಡಿಮೆಯಾದರೆ ಹಲ್ಲು ಹಾರುವುದು ಮತ್ತೆ ಶುರುವಾಗುತ್ತದೆ. ಬಿಗಿತ ಎಷ್ಟಿರಬೇಕೆಂದರೆ, ಬೆಲ್ಟಿನ ನಡುಭಾಗವನ್ನು ಬೆರಳಿನಿಂದ ಒತ್ತಿದಾಗ ಎರಡು ಮೂರು ಮಿ.ಮೀ. ಮಾತ್ರ ತಗ್ಗಬೇಕು. ತಂತಿಯಂತೆ ಬಿಗಿದರೆ ಮೋಟಾರಿನ ಬೇರಿಂಗು ಬೇಗ ಸವೆಯುತ್ತದೆ.

ಮೋಟಾರಿನ ಮುಖದಲ್ಲಿ ಸಾಮಾನ್ಯವಾಗಿ ನಾಲ್ಕು ಎಂ4 ತೂತುಗಳಿರುತ್ತವೆ. ಅವುಗಳ ಅಂತರ ಎಲ್ಲ ಮೋಟಾರಿಗೂ ಒಂದೇ ಅಲ್ಲ, ವರ್ನಿಯರ್ ಹಿಡಿದು ಅಳೆಯಿರಿ. ನಾಲ್ಕಕ್ಕೂ ಸ್ಕ್ರೂ ಹಾಕಿ, ಎರಡಕ್ಕೆ ತೃಪ್ತರಾಗಬೇಡಿ. ಸ್ಕ್ರೂವಿನ ಉದ್ದದ ಬಗ್ಗೆ ಬಹಳ ಎಚ್ಚರ ಬೇಕು: ಆ ತೂತುಗಳ ಹಿಂದೆಯೇ ತಾಮ್ರದ ಸುರುಳಿಗಳಿರುವುದರಿಂದ, ಉದ್ದ ಹೆಚ್ಚಾದ ಸ್ಕ್ರೂವಿನ ತುದಿ ಸುರುಳಿಯ ಎನಾಮಲ್ ಕೆರೆದು ಮೋಟಾರನ್ನು ಶಾರ್ಟ್ ಮಾಡುತ್ತದೆ. ಹೊರಗಿನಿಂದ ಇದು ಕಾಣುವುದೇ ಇಲ್ಲ. ತೂತಿನೊಳಗೆ ಬೆಂಕಿಕಡ್ಡಿ ಇಳಿಸಿ ಆಳ ಗುರುತು ಮಾಡಿಕೊಳ್ಳಿ, 8 ಮಿ.ಮೀ. ಪ್ಲೇಟು, 1 ಮಿ.ಮೀ. ವಾಷರು, ಒಳಗೆ 5 ಮಿ.ಮೀ. ಥ್ರೆಡ್ ಎಂದರೆ 14 ಮಿ.ಮೀ. ಸ್ಕ್ರೂ ಸಾಕಾಗುತ್ತದೆ. ಥ್ರೆಡ್ಡುಗಳ ಎಣ್ಣೆಯನ್ನು ಥಿನ್ನರಿನಿಂದ ಒರೆಸಿ, ನೀಲಿ ಬಣ್ಣದ ಮಧ್ಯಮ ದರ್ಜೆಯ ಥ್ರೆಡ್‌ಲಾಕರ್ ಒಂದು ಹನಿ ಹಾಕಿ ಬಿಗಿಸಿ, ಒಂದು ಇಡೀ ದಿನ ಬಿಡಿ. ಕೆಂಪು ಬಣ್ಣದ್ದು ಬೇಡ, ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಕೊನೆಗೆ ಸ್ಕ್ರೂವಿನ ತಲೆಯಿಂದ ಪ್ಲೇಟಿನ ಮೇಲಕ್ಕೆ ಉಗುರುಬಣ್ಣದ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ.

ಪುಲ್ಲಿಯ ಗ್ರಬ್ ಸ್ಕ್ರೂ ಕೂರಲು ಶಾಫ್ಟಿನ ಮೇಲೆ ಸಪಾಟು ಉಜ್ಜಬೇಕಾಗಿ ಬಂದರೆ, ಮೊದಲು ಇಡೀ ಮೋಟಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಶಾಫ್ಟಿನ ಬುಡಕ್ಕೆ ಟೇಪು ಬಿಗಿಯಿರಿ. ಒಳಗಿನ ಆಯಸ್ಕಾಂತಗಳು ಉಕ್ಕಿನ ಪುಡಿಯನ್ನು ಎಳೆದುಕೊಂಡವೆಂದರೆ ಮತ್ತೆ ಪೂರ್ತಿ ತೆಗೆಯುವುದು ಅಸಾಧ್ಯದ ಮಾತು. ಶಾಫ್ಟಿನಲ್ಲಿ ಕೀ (ಪುಲ್ಲಿ ಜಾರದಂತೆ ತಡೆಯುವ ಲೋಹದ ತುಂಡು) ಕೂರುವ ಕಾಲುವೆ ಇದ್ದರೆ ಕೀ ಇಲ್ಲದೆ ಪುಲ್ಲಿ ಹಾಕಲೇಬೇಡಿ.

ಇನ್ನು ಕೋನ. ನಿಮ್ಮ ಚಕ್ರದ ಅರೆವ್ಯಾಸ 41.5 ಮಿ.ಮೀ., ಮೋಟಾರಿನದು 31.5 ಮಿ.ಮೀ. ಮೋಟಾರನ್ನು ಆಕ್ಸಲಿನ ಮಟ್ಟಕ್ಕೇ ಕೂರಿಸಿದರೆ ನೆಲಕ್ಕೂ ಮೋಟಾರಿಗೂ ನಡುವೆ ಉಳಿಯುವುದು 10 ಮಿ.ಮೀ. ಮಾತ್ರ, ನಮ್ಮ ಊರುಗಳ ಹಂಪುಗಳ ಮೇಲೆ ಅದು ಏನೇನೂ ಸಾಲದು. ಬ್ರಾಕೆಟ್ಟನ್ನು 20 ಡಿಗ್ರಿ ಮೇಲಕ್ಕೆತ್ತಿದರೆ ಆ ಜಾಗ ಸುಮಾರು 33 ಮಿ.ಮೀ. ಆಗುತ್ತದೆ. ಇನ್ನೂ ಎತ್ತಬಹುದು, ಆದರೆ ಆಗ ಮೇಲೆ ಹಲಗೆ ಅಡ್ಡ ಬರುತ್ತದೆ. ತಿರುವಿನಲ್ಲಿ ವಾಲುವುದು ಹಲಗೆ ಮಾತ್ರ, ಹ್ಯಾಂಗರ್ ಚಕ್ರಗಳೊಡನೆ ನೆಲಕ್ಕೆ ಸಮವಾಗಿಯೇ ಇದ್ದು ಪಕ್ಕಕ್ಕೆ ಹೊರಳುತ್ತದೆ. ಹಾಗಾಗಿ ಹಲಗೆಯ ಅಂಚು ಮೋಟಾರಿನ ಕಡೆಗೆ ಇಳಿದು ಬರುತ್ತದೆ. ಕೋನವನ್ನು ನಿಶ್ಚಯಿಸುವ ಮೊದಲು ಒಬ್ಬರು ಹಲಗೆಯ ಮೇಲೆ ನಿಂತು ಎರಡೂ ಕಡೆಗೆ ಪೂರ್ತಿ ವಾಲಲಿ, ಇನ್ನೊಬ್ಬರು ಕೆಳಗೆ ಬಗ್ಗಿ ಟಾರ್ಚ್ ಹಿಡಿದು ನೋಡಲಿ.

ಪ್ರಶ್ನೆ: ಮೋಟಾರು, ಬ್ರಾಕೆಟ್ ಎಲ್ಲ ಸರಿಯಾಗಿದ್ದರೂ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಬೆಲ್ಟ್ ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗುತ್ತದೆ. ಚಕ್ರದ ಪುಲ್ಲಿಯನ್ನು ನಾನೇ ಕೈ ಡ್ರಿಲ್ಲಿನಿಂದ ತೂತು ಕೊರೆದು ಕೂರಿಸಿದ್ದೇನೆ. — ಮೈಸೂರು, ಸರಸ್ವತಿಪುರಂ

ಉತ್ತರ: ಉತ್ತರ ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. ಪುಲ್ಲಿಯ ಕೇಂದ್ರವೂ ಚಕ್ರದ ಕೇಂದ್ರವೂ ಒಂದೇ ಕಡೆ ಬಿದ್ದಿಲ್ಲ. ಕೈ ಡ್ರಿಲ್ಲು ಚಕ್ರದ ಮೆತ್ತನೆಯ ಯುರಿಥೇನಿನಲ್ಲಿ (ರಬ್ಬರಿನಂಥ ಪ್ಲಾಸ್ಟಿಕ್ಕು) ಅಲೆದಾಡುವುದರಿಂದ, ಬೋಲ್ಟುಗಳನ್ನು ನಂಬಿ ಪುಲ್ಲಿಯನ್ನು ನಡುವಿಗೆ ತರಲು ಆಗುವುದಿಲ್ಲ. ಬೇರಿಂಗನ್ನು ನಂಬಿ. ಸ್ಕೇಟ್‌ಬೋರ್ಡಿನ ಬೇರಿಂಗುಗಳು 608 ಅಳತೆಯವು, ಅಂದರೆ ಒಳಗೆ 8, ಹೊರಗೆ 22 ಮಿ.ಮೀ. ವ್ಯಾಸ, 7 ಮಿ.ಮೀ. ಅಗಲ. ಪುಲ್ಲಿಯ ನಡುವೆ 22 ಮಿ.ಮೀ. ಕುಳಿಯನ್ನು ಲೇಥಿನಲ್ಲಿ ಕೊರೆಸಿ ಅಲ್ಲೊಂದು ಬೇರಿಂಗು ಕೂರಿಸಿದರೆ, ಪುಲ್ಲಿ ಆಕ್ಸಲಿನಿಂದಲೇ ತನ್ನ ಕೇಂದ್ರವನ್ನು ಪಡೆಯುತ್ತದೆ. ಬೋಲ್ಟುಗಳಿಗೆ ಪುಲ್ಲಿಯನ್ನೂ ಚಕ್ರವನ್ನೂ ಒಟ್ಟಿಗೆ ತಿರುಗಿಸುವ ಕೆಲಸವಷ್ಟೇ ಉಳಿಯುತ್ತದೆ. ಚಕ್ರದ ಹಳೆಯ ತೂತುಗಳನ್ನು ಅರ್ಧ ಮಿ.ಮೀ. ಹಿಗ್ಗಿಸಿ ಸಡಿಲ ಬಿಡಿ, ಬೇರಿಂಗು ಕೂತ ಮೇಲೆ ಬಿಗಿಸಿ.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯದ ಬದಲು ಚಕ್ರದೊಳಗೇ ಇರುವ ಹಬ್ ಮೋಟಾರು ಹಾಕಿದರೆ ಆಗದೇ? — ಮೈಸೂರು, ಕುವೆಂಪುನಗರ

ಉತ್ತರ: ಧಾರಾಳವಾಗಿ ಆಗುತ್ತದೆ. ಬ್ರಾಕೆಟ್, ಬೆಲ್ಟ್, ಪುಲ್ಲಿ ಯಾವುದೂ ಬೇಡ, ಸದ್ದೂ ಕಡಿಮೆ. ಆದರೆ ಮೋಟಾರಿನ ಮೇಲೆ ಯುರಿಥೇನಿನ ತೆಳುವಾದ ಪದರ ಮಾತ್ರ ಇರುವುದರಿಂದ ರಸ್ತೆಯ ಒರಟುತನ ನೇರವಾಗಿ ಕಾಲಿಗೆ ಬರುತ್ತದೆ, ಮತ್ತು ಪುಲ್ಲಿಗಳು ಕೊಡುವ ಎಳೆಯುವ ಬಲದ ಹೆಚ್ಚಳ ಇಲ್ಲದ ಕಾರಣ ಏರಿನಲ್ಲಿ ಬೇಗ ಬಿಸಿಯಾಗುತ್ತದೆ. ನುಣುಪಾದ ಸಮತಟ್ಟು ಜಾಗದಲ್ಲಿ ಓಡಿಸುವವರಿಗೆ ಹಬ್ ಮೋಟಾರು ಒಳ್ಳೆಯ ಆಯ್ಕೆ. ಜಲ್ಲಿ ಎದ್ದ ಬಡಾವಣೆಯ ರಸ್ತೆಗೆ ನಾನು ಬೆಲ್ಟನ್ನೇ ಹೇಳುತ್ತೇನೆ.

ಪ್ರಶ್ನೆ: ಮಗ ಇಂಥದೊಂದು ಹಲಗೆ ಮಾಡಿಕೊಂಡಿದ್ದಾನೆ. ಅದರ ಮೇಲೆ ಮೈಸೂರಿನವರೆಗೆ ಹೋಗಿಬರುತ್ತೇನೆ ಎನ್ನುತ್ತಾನೆ. ಕಳಿಸಬಹುದೇ? — ಒಬ್ಬ ತಾಯಿ, ಶ್ರೀರಂಗಪಟ್ಟಣ

ಉತ್ತರ: ದಯವಿಟ್ಟು ಕಳಿಸಬೇಡಿ, ಅಮ್ಮ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನೋಂದಣಿಯಿಲ್ಲದೆ ಓಡಿಸಲು ವಿನಾಯಿತಿ ಇರುವುದು 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ, ಪರೀಕ್ಷೆಯಾಗಿ ಒಪ್ಪಿಗೆ ಪಡೆದ ಬ್ಯಾಟರಿ ವಾಹನಗಳಿಗೆ. ಮೇಲಿನ ಮಂಡ್ಯದ ವಿದ್ಯಾರ್ಥಿಯ ಲೆಕ್ಕವನ್ನೇ ತೆಗೆದುಕೊಂಡರೆ, 190 ಕೆವಿ ಮೋಟಾರು 36 ವೋಲ್ಟಿನಲ್ಲಿ ನಿಮಿಷಕ್ಕೆ 6,840 ಸುತ್ತು, ಪುಲ್ಲಿ ಇಳಿಸಿದ ಮೇಲೆ ಚಕ್ರಕ್ಕೆ 2,850 ಸುತ್ತು, 83 ಮಿ.ಮೀ. ಚಕ್ರದಲ್ಲಿ ಅದು ಭಾರವಿಲ್ಲದಾಗ ಗಂಟೆಗೆ 45 ಕಿ.ಮೀ. ಸಮೀಪ ಬರುತ್ತದೆ. ಮನುಷ್ಯ ಹತ್ತಿದ ಮೇಲೆ ಕಡಿಮೆಯಾದರೂ 30 ದಾಟುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳಿಗೇ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು, ಬಸ್ಸುಗಳು ಓಡಾಡುತ್ತವೆ. 83 ಮಿ.ಮೀ. ಚಕ್ರಕ್ಕೆ ಒಂದು ಸಣ್ಣ ಗುಂಡಿಯೂ ಬೀಳಿಸಲು ಸಾಕು.

ಮಾಡುವುದನ್ನು ಮಾತ್ರ ತಡೆಯಬೇಡಿ. ಅವನು ಕಲಿಯುತ್ತಿರುವುದು ಒಳ್ಳೆಯ ವಿದ್ಯೆ. ಗೇಟು ಹಾಕಿದ ಖಾಸಗಿ ಅಂಗಳವೊಂದನ್ನು, ಮಾಲೀಕರ ಅನುಮತಿ ಪಡೆದು, ಗೊತ್ತು ಮಾಡಿಕೊಡಿ. ಮೊದಲ ದಿನ ಹಲಗೆಯನ್ನು ಇಟ್ಟಿಗೆಗಳ ಮೇಲೆ ಮಗುಚಿ, ಚಕ್ರಗಳು ಗಾಳಿಯಲ್ಲಿರುವಂತೆ ಹತ್ತು ನಿಮಿಷ ಓಡಿಸಿ, ಬೆಲ್ಟ್ ನಡುವಿನಲ್ಲೇ ಇದೆಯೇ ಎಂದು ನೋಡಲಿ. ಆಗ ಬೆರಳನ್ನೂ ಅಂಗಿಯ ತೋಳನ್ನೂ ಬೆಲ್ಟಿನಿಂದ ದೂರವಿಡಬೇಕು. ಕಂಟ್ರೋಲರ್ ವೆಸ್ಕ್ ಮಾದರಿಯದಾದರೆ ಮೋಟಾರಿನ ಕರೆಂಟು, ಬ್ರೇಕಿನ ಕರೆಂಟು ಎರಡನ್ನೂ ಕಂಪ್ಯೂಟರಿನಲ್ಲಿ ತಗ್ಗಿಸಿಡಬಹುದು. ಮೊದಲ ವಾರ ಎರಡೂ 20 ಆಂಪಿಯರ್ ಒಳಗಿರಲಿ. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್, ಮೊಣಕಾಲಿನ ಪ್ಯಾಡ್ ಹಾಕದೆ ಹತ್ತುವಂತಿಲ್ಲ ಎಂಬುದನ್ನು ನೀವೇ ನಿಯಮ ಮಾಡಿ. ಪ್ರತಿ ಸಲ ಇಳಿದ ಕೂಡಲೇ ಸ್ವಿಚ್ಚು ಆರಿಸಿ, ಮೋಟಾರನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಲು ಹೇಳಿ. ಮೋಟಾರು ಒಂದು ಕೂದಲೆಳೆಯಷ್ಟು ಆಡಿದರೂ ಅಂದು ಮತ್ತೆ ಹತ್ತಬಾರದು.